ಮಲಪ್ರಭೆಯ ಸೀಮೆಯಲ್ಲಿ ಗಣಿತವಿದ್ಯೆಯ ಪರಂಪರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ಊರುಗಳ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಶೌರ್ಯದ ಹಾಗೂ ಭಕ್ತಿಯ ಕಥೆಗಳು ಮೂಡುವುದು ಸಹಜವೇ ಸರಿ. ಕಿತ್ತೂರ ಕೋಟೆ, ರಾಣಿ ಚೆನ್ನಮ್ಮನು 1829ರಲ್ಲಿ ಲಿಂಗೈಕ್ಯಳಾದ ಬೈಲಹೊಂಗಲ, ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿಯೆಂಬ ಸವದತ್ತಿ, ಭಾವೆ ಮನೆತನದವರು ಆಳಿ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ರಾಮದುರ್ಗ ಸಂಸ್ಥಾನ, ಇವುಗಳ ಚರಿತ್ರೆಯನ್ನು ಬರೆದವರು ಬಹಳ ಜನ. ಆದರೆ ಈ ಸೀಮೆಯ ಮಕ್ಕಳು ಎಣಿಸಲು, ಅಳೆಯಲು, ಲೆಕ್ಕ ಮಾಡಲು ಹೇಗೆ ಕಲಿತರು, ಯಾರಿಗೆ ಆ ವಿದ್ಯೆಯು ದೊರೆಯಿತು, ಯಾರಿಗೆ ದೊರೆಯದೆ ಹೋಯಿತು ಎಂಬುದು ಕಡಿಮೆ ವಿಚಾರಿಸಲ್ಪಟ್ಟ ವಿಷಯವಾಗಿದೆ. ಖಡ್ಗದಿಂದ ಕಳೆದುಹೋದ ರಾಜ್ಯವನ್ನು ಎಲ್ಲರೂ ನೆನೆಯುತ್ತಾರೆ. ಲೆಕ್ಕ ತಿಳಿಯದೆ ಕಳೆದುಹೋದ ಹೊಲವನ್ನು ಆ ಮನೆಯವರು ಮಾತ್ರ ನೆನೆಯುತ್ತಾರೆ. ಆದುದರಿಂದ ಗಣಿತವಿದ್ಯೆಯ ಈ ಪರಂಪರೆಯನ್ನು ಭಕ್ತರ ಹಾಗೂ ಶಿಷ್ಯವರ್ಗದವರ ಮುಂದಿಡುವುದು ಉಚಿತವೆನಿಸುತ್ತದೆ.

1. ಪ್ರಾಚೀನ ಸಂಪತ್ತು

ಕನ್ನಡ ನಾಡಿಗೆ ಗಣಿತವು ಹೊರಗಿನಿಂದ ಬಂದ ವಿದ್ಯೆಯಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಜ್ಯೋತಿಷ್ಯದ ಒಂದು ಅಂಗವಾಗಿ ಮಾತ್ರವಲ್ಲದೆ, ಗಣಿತವನ್ನೇ ಸ್ವತಂತ್ರ ಶಾಸ್ತ್ರವೆಂದು ಎಣಿಸಿ ಬರೆದ ಗ್ರಂಥವಿದು. ಲೌಕಿಕವೇನು, ವೈದಿಕವೇನು, ಯಾವ ವ್ಯವಹಾರವೂ ಗಣಿತವನ್ನು ಬಿಟ್ಟು ನಡೆಯದೆಂಬ ಅಭಿಪ್ರಾಯವನ್ನು ಆಚಾರ್ಯನು ಮೊದಲಿಗೇ ಪ್ರತಿಪಾದಿಸಿದ್ದಾನೆ. ಭಿನ್ನರಾಶಿಗಳು, ಬಡ್ಡಿಯ ಲೆಕ್ಕಗಳು, ಕ್ಷೇತ್ರಫಲ, ಅಗೆದ ಹಳ್ಳದ ಘನಫಲ ಮುಂತಾದ ವಿಷಯಗಳೆಲ್ಲ ಅದರಲ್ಲಿ ಉದಾಹರಣೆಗಳ ಸಹಿತ ಬಂದಿವೆ. ಎಂ. ರಂಗಾಚಾರ್ಯರು ಇದನ್ನು ಇಂಗ್ಲೀಷ ಅನುವಾದ ಸಹಿತವಾಗಿ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟಪಡಿಸಿದ ಮೇಲೆ ಇದರ ಕೀರ್ತಿಯು ಪರದೇಶಗಳಲ್ಲಿಯೂ ಹಬ್ಬಿತು.

ಕನ್ನಡದಲ್ಲಿಯೇ ಗಣಿತವನ್ನು ಬರೆದ ಮೊದಲಿಗನೆಂದು ಹೆಸರಾದವನು ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವು ಅವನ ಕೃತಿಗಳು. ಅವನ ಊರು ಪೂವಿನಬಾಗೆ. ಬೆಳಗಾವಿ ಜಿಲ್ಲೆಯ ರಾಯಬಾಗವೇ ಆ ಊರೆಂದು ಹೇಳುವವರುಂಟು. ‘ಹಸುಗೆ’ ಎಂದರೆ ಪಾಲು. ಒಕ್ಕಲಿಗನ ಮನೆಯಲ್ಲಿ ಪಾಲು ಎಂಬ ಮಾತಿಗಿರುವ ತೂಕವನ್ನು ಬಲ್ಲವರಿಗೆ, ಕನ್ನಡದ ಗಣಿತಗ್ರಂಥವೊಂದು ಆ ಹೆಸರನ್ನೇ ತಾಳಿದುದು ಎಷ್ಟು ಸಹಜವೆಂಬುದು ತಾನೇ ಹೊಳೆಯುತ್ತದೆ.

ಗ್ರಂಥಗಳಲ್ಲಿದ್ದ ಈ ವಿದ್ಯೆಯು ನೆಲದ ಮೇಲೆಯೂ ಕೆಲಸ ಮಾಡುತ್ತಿದ್ದಿತು. ಕನ್ನಡ ಶಾಸನಗಳನ್ನು ಓದಿದರೆ, ದಾನಕೊಟ್ಟ ಭೂಮಿಯನ್ನು ಇಂತಿಷ್ಟು ಮತ್ತರು, ಇಂತಿಷ್ಟು ಕಮ್ಮ ಎಂದು ಅಳೆದು, ಯಾವ ಗಳೆಯಿಂದ ಅಳೆದರೆಂಬುದನ್ನು ಸಹ ಬರೆದಿಡುವ ರೂಢಿಯು ಕಾಣುತ್ತದೆ. ಸವದತ್ತಿ ತಾಲೂಕಿನ ಹೂಲಿಯು ಆ ಕಾಲಕ್ಕೆ ‘ಪೂಲಿ’ಯೆಂಬ ಪ್ರಸಿದ್ಧ ಅಗ್ರಹಾರವಾಗಿದ್ದು, ಅಲ್ಲಿಯ ಸಾಸಿರ ಮಹಾಜನರು ಶಾಸನಗಳಲ್ಲಿ ಸ್ತುತರಾಗಿದ್ದಾರೆ. ಇಂಥಲ್ಲಿ ಅಳತೆ ಬಲ್ಲವರೂ ಲೆಕ್ಕ ಬರೆಯಬಲ್ಲವರೂ ಇಲ್ಲದೆ ಧರ್ಮಕಾರ್ಯವು ಒಂದು ದಿನವೂ ನಡೆಯುವಂತಿರಲಿಲ್ಲ. ಬಸವಣ್ಣನವರು ಸಹ ಮಂಗಳವಾಡದಲ್ಲಿ ಕರಣಿಕ ವೃತ್ತಿಯಿಂದ ತೊಡಗಿ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆಯು ಹೇಳುತ್ತದೆ. ಲೆಕ್ಕದ ಶುದ್ಧಿಯು ನಡತೆಯ ಶುದ್ಧಿಯ ಒಂದು ಭಾಗವೆಂಬ ಭಾವನೆಯು ಶರಣರ ನಾಡಿಗೆ ಹೊಸದಲ್ಲ.

2. ಐಗಳ ಮಠ

ಹತ್ತೊಂಬತ್ತನೆಯ ಶತಮಾನದ ವರೆಗೂ ಈ ಸೀಮೆಯಲ್ಲಿ ‘ಮಠ’ವೆಂದರೆ ಶಾಲೆಯೆಂಬ ಅರ್ಥವೂ ಇದ್ದಿತು. 1865ರಲ್ಲಿ ವಿದ್ಯಾಖಾತೆಯಿಂದ ಹೊರಡತೊಡಗಿದ ಶಿಕ್ಷಕರ ಮಾಸಪತ್ರಿಕೆಗೆ ‘ಮಠಪತ್ರಿಕೆ’ ಎಂದೇ ಹೆಸರಿಟ್ಟರು. ಅದೇ ಮುಂದೆ ‘ಜೀವನ ಶಿಕ್ಷಣ’ವಾಯಿತು. ಗುಡಿಯ ಪೌಳಿಯಲ್ಲಿಯೋ, ಮಠದ ಪಡಸಾಲೆಯಲ್ಲಿಯೋ, ಊರ ಹಿರಿಯರ ಕಟ್ಟೆಯ ಮೇಲೆಯೋ ಐಗಳು ಕುಳಿತು, ಹತ್ತಿಪ್ಪತ್ತು ಹುಡುಗರನ್ನು ಕೂಡಿಸಿ, ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ತಿದ್ದಿಸುತ್ತಿದ್ದರು. ಅಂಕಗಣಿತಕ್ಕೆ ಸಂಸ್ಕೃತದಲ್ಲಿ ಪಾಟೀಗಣಿತವೆಂದು ಹೆಸರು, ಪಾಟಿಯೆಂದರೆ ಹಲಗೆ. ಆ ಹೆಸರು ಈ ಮಠಗಳಲ್ಲಿ ಅಕ್ಷರಶಃ ಸತ್ಯವಾಗಿದ್ದಿತು.

ಸಂಜೆಯ ಉಜಳಣಿಯು ಐಗಳ ಮಠದ ಜೀವಾಳ. ಒಬ್ಬ ಹುಡುಗನು ಮುಂದೆ ನಿಂತು ಮಗ್ಗಿಯನ್ನು ಹೇಳಿದರೆ ಉಳಿದವರು ಒಕ್ಕೊರಲಿನಿಂದ ಹಿಂಬಾಲಿಸುವರು. ಪೂರ್ಣಾಂಕಗಳ ಮಗ್ಗಿಯಷ್ಟೇ ಅಲ್ಲ; ಕಾಲು, ಅರೆ, ಮುಕ್ಕಾಲುಗಳ ಮಗ್ಗಿ, ಒಂದೂಕಾಲಿನ ಸವಾಯಿ, ಒಂದೂವರೆಯ ದೀಡಕಿ, ಮೂರೂವರೆಯ ಔಟಕಿ ಇವೆಲ್ಲ ಬಾಯಿಗೆ ಬರಬೇಕಾಗಿದ್ದಿತು. ಇದನ್ನು ಬರಿಯ ಗಿಳಿಪಾಠವೆಂದು ಹೀಯಾಳಿಸುವವರು ಒಂದು ಮಾತನ್ನು ಮರೆಯುತ್ತಾರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು ರೂಪಾಯಿಗೆ 192 ಪೈ ಇದ್ದ ಕಾಲದಲ್ಲಿ, ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ನಿಂತ ಮನುಷ್ಯನಿಗೆ ಕಾಗದವೂ ಇಲ್ಲ, ವೇಳೆಯೂ ಇಲ್ಲ. ದರವನ್ನು ಕೇಳಿದ ಕ್ಷಣಕ್ಕೆ ಮೊತ್ತವು ನಾಲಗೆಯ ಮೇಲೆ ಬಂದರೆ ಉಳಿದನು, ಬರದಿದ್ದರೆ ಸೋತನು. 1957ರ ಎಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿಯು ಬಂದು, ಅದರ ಬೆನ್ನಿಗೇ ಕಿಲೋಗ್ರಾಮು, ಮೀಟರುಗಳು ರೂಢಿಗೆ ಬಂದ ಮೇಲೆ, ಈ ಕಾಲು-ಮುಕ್ಕಾಲುಗಳ ಮಗ್ಗಿಯು ತನ್ನ ಕೆಲಸವನ್ನು ಮುಗಿಸಿ ಮರೆಯಾಯಿತು.

ಆದರೆ ಐಗಳ ಮಠಕ್ಕೆ ಎರಡು ಕೊರತೆಗಳಿದ್ದವೆಂಬುದನ್ನು ಒಪ್ಪಲೇಬೇಕು. ಮೊದಲನೆಯದು, ಅಲ್ಲಿ ಲೆಕ್ಕದ ಕ್ರಮವನ್ನು ಹೇಳಿಕೊಡುತ್ತಿದ್ದರೇ ಹೊರತು ಅದರ ಕಾರಣವನ್ನು ಹೇಳಿಕೊಡುವುದು ವಿರಳವಾಗಿದ್ದಿತು. ಎರಡನೆಯದು ಇನ್ನೂ ದೊಡ್ಡದು: ಕುಲಕರ್ಣಿಯ ಮಗನೂ ವ್ಯಾಪಾರಿಯ ಮಗನೂ ಲೆಕ್ಕವನ್ನು ಕೊನೆಯ ತನಕ ಕಲಿಯುತ್ತಿದ್ದರು, ರಾಶಿಯ ಕಾಲ ಬಂದೊಡನೆ ಒಕ್ಕಲಿಗನ ಮಗನು ಮಠವನ್ನು ಬಿಡುತ್ತಿದ್ದನು, ಹೆಣ್ಣುಮಕ್ಕಳೂ ಹೊಲಗೇರಿಯ ಮಕ್ಕಳೂ ಆ ಪಡಸಾಲೆಯನ್ನು ಏರುವಂತೆಯೇ ಇರಲಿಲ್ಲ.

3. ಬಡ್ಡಿಯ ಲೆಕ್ಕವೂ ಸರಪಳಿಯ ಲೆಕ್ಕವೂ

ಇದರ ಪರಿಣಾಮವೇನೆಂಬುದನ್ನು ಒಂದು ಲೆಕ್ಕದಿಂದಲೇ ತಿಳಿಯಬಹುದು. ಒಬ್ಬ ಒಕ್ಕಲಿಗನು ಬೀಜಕ್ಕೆಂದು 100 ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿಗೆ ತಂದನೆನ್ನೋಣ. ಸರಳಬಡ್ಡಿಯಂತೆ ಮೂರು ವರ್ಷಕ್ಕೆ ಬಡ್ಡಿ 72 ರೂಪಾಯಿ, ಅಸಲು ಸಹಿತ 172. ಆದರೆ ಸಾಹುಕಾರನು ವರ್ಷವರ್ಷಕ್ಕೂ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರವನ್ನು ಬರೆಯಿಸಿಕೊಂಡರೆ, ಮೊದಲನೆಯ ವರ್ಷಾಂತ್ಯಕ್ಕೆ 124 ರೂಪಾಯಿ, ಎರಡನೆಯದಕ್ಕೆ 153 ರೂಪಾಯಿ 12 ಆಣೆ 2 ಪೈ, ಮೂರನೆಯದಕ್ಕೆ ಸುಮಾರು 190 ರೂಪಾಯಿ 10 ಆಣೆ 7 ಪೈ ಆಗುತ್ತದೆ. ಎರಡರ ಅಂತರವು 18 ರೂಪಾಯಿ 10 ಆಣೆ 7 ಪೈ. ಪತ್ರಕ್ಕೆ ಹೆಬ್ಬೆಟ್ಟು ಒತ್ತುವವನಿಗೆ ಈ ಅಂತರವು ಎಲ್ಲಿಂದ ಹುಟ್ಟಿತೆಂಬುದೇ ತಿಳಿಯದು. ಹತ್ತು ವರ್ಷ ಹೀಗೆಯೇ ಸಾಗಿದರೆ ಹೊಲವೇ ಸಾಲದಲ್ಲಿ ಮುಳುಗುವುದು.

ಇದು ಕೇವಲ ಕಲ್ಪನೆಯ ಮಾತಲ್ಲ. 1875ರಲ್ಲಿ ಪುಣೆ, ಅಹಮ್ಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು, ಸಾಹುಕಾರರ ಸಾಲಪತ್ರಗಳನ್ನು ಹುಡುಕಿ ಹುಡುಕಿ ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆಯು ಬಂದು, ನ್ಯಾಯಾಲಯವು ಪತ್ರದ ಹಿಂದಿನ ಲೆಕ್ಕವನ್ನು ಮೊದಲಿನಿಂದ ಬಿಚ್ಚಿ ನೋಡುವ ಅಧಿಕಾರವನ್ನು ಪಡೆಯಿತು. ಅದು ಮೊದಲು ನಾಲ್ಕು ಜಿಲ್ಲೆಗಳಿಗೆ ಮಾತ್ರ ಅನ್ವಯಿಸಿತಾದರೂ, ಲೆಕ್ಕ ಬಾರದವನ ಪರವಾಗಿ ಸರಕಾರವೇ ಲೆಕ್ಕ ಮಾಡಬೇಕಾಗಿ ಬಂದುದು ಆ ಕಾಲದ ಸ್ಥಿತಿಗೆ ಸಾಕ್ಷಿಯಾಗಿದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರೀ ಪತ್ತಿನ ಸಂಘವನ್ನು ಕಟ್ಟಿದಾಗ, ಒಕ್ಕಲಿಗರು ತಮ್ಮ ಖಿರ್ದಿ-ಖಾತೆಗಳನ್ನು ತಾವೇ ನೋಡಿಕೊಳ್ಳುವ ಹೊಸ ಮಾರ್ಗವು ತೆರೆಯಿತು.

ಭೂಮಿಯ ಅಳತೆಯಲ್ಲಿಯೂ ಇದೇ ಕಥೆ. 1824ರಲ್ಲಿ ಥ್ಯಾಕರೆಯು ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿದ್ದು ಕಲಹಕ್ಕೆ ಒಂದು ಕಾರಣವಾಯಿತು. ಸಂಸ್ಥಾನವು ಹೋದ ಮೇಲೆ ಕಂಪನಿಯ ಸರಕಾರದ ಮೋಜಣಿಯು ಸರಪಳಿಯನ್ನು ಹಿಡಿದು ಹೊಲಹೊಲಕ್ಕೂ ಬಂದಿತು. ಆ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ಜನರಲ್ಲಿ ಅದು 33ರ ವರ್ಗವೆಂಬುದನ್ನು ಬಲ್ಲವರು ಎಷ್ಟು ಮಂದಿ? ತಿಳಿದವನು ತನ್ನ ಹೊಲವನ್ನು ತಾನೇ ಅಳೆದುಕೊಂಡನು. ತಿಳಿಯದವನು ಮೋಜಣಿದಾರನ ಮೋರೆಯನ್ನು ನೋಡಿದನು.

4. ದಾನಿಗಳು ತೆರೆದ ಬಾಗಿಲು

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯು ಪ್ರಾರಂಭವಾದಾಗ, ಬೀಜಗಣಿತವೂ ಯೂಕ್ಲಿಡನ ರೇಖಾಗಣಿತವೂ ಈ ನಾಡಿನ ಹುಡುಗರ ಎದುರಿಗೆ ಬಂದು ನಿಂತವು. ಕಾರಣವನ್ನು ಕೇಳುವ, ಸಿದ್ಧಾಂತವನ್ನು ಹೆಜ್ಜೆಹೆಜ್ಜೆಯಾಗಿ ಸಾಧಿಸುವ ವಿದ್ಯೆಯದು. ಐಗಳ ಮಠದ ಕೊರತೆಯನ್ನು ತುಂಬಬಲ್ಲದ್ದು. ಆದರೆ ಅದು ಇಂಗ್ಲೀಷಿನಲ್ಲಿದ್ದಿತು, ಪಟ್ಟಣದಲ್ಲಿದ್ದಿತು, ಹಣದ ಹಿಂದೆ ಇದ್ದಿತು. ಡೆಪ್ಯುಟಿ ಚೆನ್ನಬಸಪ್ಪನವರು ಪ್ರಾಥಮಿಕ ಶಾಲೆಗಳಲ್ಲಿ ಮರಾಠಿಯ ಬದಲು ಕನ್ನಡವನ್ನು ನೆಲೆಗೊಳಿಸಲು ಹೆಣಗಿದರು. ಅವರ ಶ್ರಮದಿಂದ ಹಳ್ಳಿಯ ಹುಡುಗನು ಕೂಡುವ-ಕಳೆಯುವ ಲೆಕ್ಕವನ್ನಾದರೂ ತಾಯ್ನುಡಿಯಲ್ಲಿ ಕಲಿಯುವಂತಾಯಿತು. ಅದರಾಚೆಯ ಮೆಟ್ಟಿಲು ಮಾತ್ರ ಎತ್ತರವಾಗಿಯೇ ಉಳಿಯಿತು.

ಆ ಮೆಟ್ಟಿಲನ್ನು ತಗ್ಗಿಸಿದವರಲ್ಲಿ ಅಗ್ರಗಣ್ಯರು ಸವದತ್ತಿ ತಾಲೂಕಿನ ಸಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಗಳು (1861–1906). 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಇವರು, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮರಣಪತ್ರದ ಮೂಲಕ ಬಿಟ್ಟುಹೋದರು. ಅದರಿಂದ ನವಲಗುಂದ-ಸಿರಸಂಗಿ ವಿದ್ಯಾನಿಧಿಯು ನಡೆದುಬಂದಿತು. 1916ರ ನವೆಂಬರ 13ರಂದು ಬಸವನಾಳ, ಸಾಖರೆ ಮೊದಲಾದ ಏಳು ಜನ ತರುಣರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿ ‘ಸಪ್ತರ್ಷಿ’ಗಳೆನಿಸಿಕೊಂಡರು, 1933ರಲ್ಲಿ ಅದೇ ಸಂಸ್ಥೆಯ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ ಮುಂತಾದ ಮಠಗಳ ಪ್ರಸಾದನಿಲಯಗಳು ಹಳ್ಳಿಯ ಬಡ ಹುಡುಗನಿಗೆ ಎರಡು ಹೊತ್ತಿನ ಅನ್ನವನ್ನೂ ಓದಲು ದೀಪವನ್ನೂ ಒದಗಿಸಿದವು. ಹಸಿದವನಿಗೆ ಬೀಜಗಣಿತವು ಹತ್ತದು. ದಾಸೋಹವೇ ಇಲ್ಲಿ ಗಣಿತದ ಮೊದಲ ಪಾಠವಾಯಿತು.

ಬಾಗಿಲು ತೆರೆದರೆ ಯಾರು ಒಳಗೆ ಬರಬಲ್ಲರೆಂಬುದಕ್ಕೆ ಒಂದು ಉದಾಹರಣೆ ಸಾಕು. ನೆರೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜಕ್ಕೆ ಹೋಗಿ, ಅಲ್ಲಿಯ ಗಣಿತಪರೀಕ್ಷೆಯಲ್ಲಿ ಪ್ರಥಮವರ್ಗದಲ್ಲಿ ತೇರ್ಗಡೆಯಾದವರಿಗೆ ಸಲ್ಲುವ ‘ರ್‍ಯಾಂಗ್ಲರ್’ ಎಂಬ ಬಿರುದನ್ನು ಪಡೆದರು. ಮುಂದೆ ಮುಂಬಯಿ ಪ್ರಾಂತದ ವಿದ್ಯಾಖಾತೆಯ ಮುಖ್ಯಾಧಿಕಾರಿಗಳಾಗಿ, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಘಟಪ್ರಭೆಯ ದಂಡೆಯ ನಾಡಿನ ಹುಡುಗನಿಗೆ ಉಚ್ಚಗಣಿತವು ಎಟುಕದ ಹಣ್ಣಲ್ಲವೆಂಬುದು ಅವರ ಬಾಳಿನಿಂದ ಸಿದ್ಧವಾಯಿತು.

5. ಐಚ್ಛಿಕ ಗಣಿತ

1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಮೈಸೂರಿನ ಎಸ್.ಎಸ್.ಎಲ್.ಸಿ. ಕ್ರಮದಲ್ಲಿ ಎಲ್ಲರೂ ಓದತಕ್ಕ ಸಾಮಾನ್ಯ ಗಣಿತವು ಬೇರೆ, ಬೇಕಾದವರು ಆರಿಸಿಕೊಳ್ಳತಕ್ಕ ಐಚ್ಛಿಕ ಗಣಿತವು ಬೇರೆ ಆಗಿದ್ದವು. ಐಚ್ಛಿಕ ಗಣಿತವನ್ನು ಭೌತ-ರಸಾಯನಶಾಸ್ತ್ರಗಳ ಸಂಗಡ ತೆಗೆದುಕೊಂಡವನಿಗೆ ವಿಜ್ಞಾನದ ಕಾಲೇಜಿನ ದಾರಿಯು ಸುಗಮವಾಗಿದ್ದಿತು. ಬಿಟ್ಟವನಿಗೆ ಅದು ಬಹುಮಟ್ಟಿಗೆ ಮುಚ್ಚಿದಂತೆಯೇ. ಈ ಏರ್ಪಾಡಿನಲ್ಲಿ ಒಂದು ಗುಣವೂ ಒಂದು ದೋಷವೂ ಇದ್ದವು. ರುಚಿಯುಳ್ಳ ವಿದ್ಯಾರ್ಥಿಯು ಆಳಕ್ಕೆ ಇಳಿಯಬಹುದಾಗಿತ್ತೆಂಬುದು ಗುಣ. ಹದಿಮೂರು-ಹದಿನಾಲ್ಕರ ಬಾಲಕನು, ಅದರ ರುಚಿಯನ್ನೇ ಕಾಣದೆ, ಕಲಿಸುವವರಿಲ್ಲದ ಶಾಲೆಯಲ್ಲಿ ಕುಳಿತು, ಅದನ್ನು ‘ಬೇಡ’ವೆಂದು ಬಿಟ್ಟುಬಿಡಬಹುದಾಗಿತ್ತೆಂಬುದು ದೋಷ. ಹೆಸರಿಗೆ ಇಚ್ಛೆ, ನಿಜಕ್ಕೆ ಅದು ಊರಿನ ಹಣೆಬರಹ. ಕಲಿಸುವವರಿದ್ದ ಪಟ್ಟಣದ ಹುಡುಗನು ಆರಿಸಿಕೊಂಡನು. ಇಲ್ಲದ ಹಳ್ಳಿಯ ಹುಡುಗನ ಪರವಾಗಿ ಅವನ ಶಾಲೆಯೇ ಆರಿಸಿತು.

1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ಗಣಿತ-ವಿಜ್ಞಾನಗಳು ಎಲ್ಲ ಮಕ್ಕಳಿಗೂ ಸಾಮಾನ್ಯ ಶಿಕ್ಷಣದ ಭಾಗವಾಗಿರಬೇಕೆಂದು ವಿಧಿಸಿತು. ಮುಂದೆ ಬಂದ ಹೊಸ ವ್ಯವಸ್ಥೆಯಲ್ಲಿ ಹತ್ತನೆಯ ಇಯತ್ತೆಯ ವರೆಗೆ ಒಂದೇ ಗಣಿತವು ಎಲ್ಲರ ಪಾಲಿಗೆ ಬಂದಿತು. ಆಯ್ಕೆಯು ಪದವಿಪೂರ್ವ ತರಗತಿಗೆ ಸರಿಯಿತು. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಿಕೆಯರ ವಸತಿ ಸೈನಿಕ ಶಾಲೆಯು ಪ್ರಾರಂಭವಾದುದು, ಐಗಳ ಮಠದ ಪಡಸಾಲೆಯನ್ನು ಏರಲಾಗದಿದ್ದ ಹೆಣ್ಣುಮಕ್ಕಳಿಗೆ ದೊರೆತ ನ್ಯಾಯವೆಂದೇ ತಿಳಿಯಬೇಕು. ಆದರೂ ಆಯ್ಕೆಯ ಪ್ರಶ್ನೆಯು ತೀರಿಹೋಗಿಲ್ಲ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಗೆ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಎಂಬ ಎರಡು ಮಟ್ಟದ ಗಣಿತ ಪ್ರಶ್ನೆಪತ್ರಿಕೆಗಳನ್ನು ಇಟ್ಟಿತು. ಹಳೆಯ ಐಚ್ಛಿಕ ಗಣಿತವು ಹೊಸ ವೇಷದಿಂದ ಮರಳಿ ಬಂದಂತಾಯಿತು. ಅದರ ಹಳೆಯ ಗುಣದೋಷಗಳೂ ಅದರ ಸಂಗಡಲೇ ಬಂದಿವೆ.

6. ಸಮಸ್ಯೆಯನ್ನು ಬಿಡಿಸುವ ವಿದ್ಯೆ

ಗಣಿತದಲ್ಲಿ ರುಚಿಯು ಹುಟ್ಟುವುದು ಸೂತ್ರವನ್ನು ಕಂಠಪಾಠ ಮಾಡುವುದರಿಂದಲ್ಲ, ಸಮಸ್ಯೆಯನ್ನು ತಾನೇ ಬಿಡಿಸುವುದರಿಂದ. ಮಹಾವೀರ, ರಾಜಾದಿತ್ಯರ ಗ್ರಂಥಗಳಲ್ಲಿ ಸೂತ್ರದ ಬೆನ್ನಿಗೇ ಉದಾಹರಣೆಗಳು ನಿಲ್ಲುವುದರ ಮರ್ಮವಿದೇ ಆಗಿದೆ. ಜಗತ್ತಿನ ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದು 1959ರಲ್ಲಿ ರುಮಾನಿಯಾದಲ್ಲಿ ಪ್ರಾರಂಭವಾದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಭಾರತದ ತಂಡವು 1989ರಿಂದ ಭಾಗವಹಿಸುತ್ತ ಬಂದಿದೆ. 1996ರಲ್ಲಿ ಮುಂಬಯಿಯಲ್ಲಿಯೇ ಆ ಸ್ಪರ್ಧೆಯು ನಡೆಯಿತು. ಅಲ್ಲಿ ಕೇಳುವುದು ದೊಡ್ಡ ದೊಡ್ಡ ಸೂತ್ರಗಳನ್ನಲ್ಲ; ಸಣ್ಣದಾಗಿ ಕಾಣುವ ಪ್ರಶ್ನೆಯನ್ನು ಹೊಸದಾಗಿ ಯೋಚಿಸುವ ಶಕ್ತಿಯನ್ನು.

ಅಂಥ ಪ್ರಶ್ನೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಐದು ಸರಪಳಿ ಅಗಲ, ಎಂಟು ಸರಪಳಿ ಉದ್ದದ ಹೊಲವು 40 ಗುಂಟೆ, ಅಂದರೆ ಒಂದು ಎಕರೆ. ಎರಡು ಸರಪಳಿ ಅಗಲ, ಇಪ್ಪತ್ತು ಸರಪಳಿ ಉದ್ದದ ಹೊಲವೂ ಒಂದೇ ಎಕರೆ. ಆದರೆ ಬೇಲಿ ಹಾಕಲು ಮೊದಲನೆಯದಕ್ಕೆ 26 ಸರಪಳಿ, ಅಂದರೆ 858 ಅಡಿ ಸಾಕು. ಎರಡನೆಯದಕ್ಕೆ 44 ಸರಪಳಿ, ಅಂದರೆ 1452 ಅಡಿ ಬೇಕು. ನೆಲವು ಒಂದೇ ಆಗಿದ್ದು ಬೇಲಿಯೇಕೆ ಹೆಚ್ಚಿತು, ಎಲ್ಲಕ್ಕಿಂತ ಕಡಿಮೆ ಬೇಲಿ ಬೇಡುವ ಆಕಾರವಾವುದು ಎಂದು ಹುಡುಗನು ಕೇಳತೊಡಗಿದನೆಂದರೆ ಅವನು ಗಣಿತದ ಹೊಸ್ತಿಲನ್ನು ದಾಟಿದನೆಂದೇ ತಿಳಿಯಬೇಕು.

ಇನ್ನೊಂದು ಸಮಸ್ಯೆ ಹಸುಗೆಯದು. ಮೂರು ಬದಿಯ ಒಂದು ಹೊಲ. ಒಂದು ಮೂಲೆಯಲ್ಲಿ ಬಾವಿ. ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳಬೇಕು, ಮೂವರಿಗೂ ಬಾವಿಯು ಎಟುಕಬೇಕು. ಜಗಳವಾಡಿ ಕಚೇರಿಯ ಮೆಟ್ಟಿಲನ್ನು ಹತ್ತಿದರೆ ಬೆಳೆಯ ಹಣವೆಲ್ಲ ವಕೀಲರ ಪಾಲು. ಆದರೆ ಬಾವಿಯ ಎದುರಿನ ಬದಿಯನ್ನು ಮೂರು ಸಮಪಾಲು ಮಾಡಿ, ಆ ಎರಡು ಗುರುತುಗಳಿಂದ ಬಾವಿಗೆ ಎರಡು ಗೆರೆಗಳನ್ನೆಳೆದರೆ ಸಾಕು. ಮೂರು ತುಂಡುಗಳ ಪಾದವೂ ಸಮ, ಎತ್ತರವೂ ಒಂದೇ. ಆದುದರಿಂದ ಮೂರರ ಕ್ಷೇತ್ರಫಲವೂ ಸಮ. ಮೂರೂ ಹೊಲಗಳು ಬಾವಿಯಲ್ಲಿಯೇ ಬಂದು ಕೂಡುತ್ತವೆ. ಪ್ರೌಢಶಾಲೆಯ ರೇಖಾಗಣಿತದ ಒಂದು ಚಿಕ್ಕ ಸಿದ್ಧಾಂತವು ಒಂದು ಮನೆತನದ ನೆಮ್ಮದಿಯನ್ನು ಹೀಗೆ ಕಾಯಬಲ್ಲದು.

7. ಉಪಸಂಹಾರ

ಇಂದು ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ 2010ರ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಇವೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯುತ್ತದೆ. ಆ ನೀರನ್ನು ಅಳೆಯುವವನು ಈ ನೆಲದ ಮಗನೋ ಮಗಳೋ ಆಗಬೇಕಾದರೆ, ಅವನ ಗಣಿತವು ಪದವಿಯಲ್ಲಿ ಪ್ರಾರಂಭವಾಗಲಾರದು. ಹಳ್ಳಿಯ ಪ್ರೌಢಶಾಲೆಯಲ್ಲಿಯೇ ಪ್ರಾರಂಭವಾಗಬೇಕು.

ಮೇಲಿನ ಚರಿತ್ರೆಯಿಂದ ತಿಳಿದುಬರುವುದಿಷ್ಟು: ಐಗಳ ಮಠವು ಚುರುಕನ್ನು ಕೊಟ್ಟಿತು, ಕಾರಣವನ್ನು ಕೊಡಲಿಲ್ಲ. ಇಂಗ್ಲೀಷ ಶಾಲೆಯು ಕಾರಣವನ್ನು ಕೊಟ್ಟಿತು, ಎಲ್ಲರನ್ನೂ ಕರೆಯಲಿಲ್ಲ. ಐಚ್ಛಿಕ ಗಣಿತವು ಎಲ್ಲರನ್ನೂ ಕರೆಯಿತು, ಆದರೆ ಬರುವ ದಾರಿಯನ್ನು ಎಲ್ಲರಿಗೂ ತೋರಿಸಲಿಲ್ಲ. ಆಯ್ಕೆಯೆಂಬುದು ರುಚಿಯನ್ನು ಕಂಡವನಿಗೆ ಮಾತ್ರ ಆಯ್ಕೆ. ಕಾಣದವನಿಗೆ ಅದು ತಿಳಿಯದೆ ಆದ ನಷ್ಟ. ಆದುದರಿಂದ ಪ್ರಸಾದನಿಲಯಗಳಲ್ಲಿ ಸಂಜೆಯ ಪ್ರಾರ್ಥನೆಯ ತರುವಾಯ ಅರ್ಧ ತಾಸು, ಪರೀಕ್ಷೆಗೂ ಅಂಕಗಳಿಗೂ ಸಂಬಂಧವಿಲ್ಲದ ಒಂದು ಸಮಸ್ಯೆಯನ್ನು ಮಕ್ಕಳ ಮುಂದಿಟ್ಟು, ಅವರೇ ವಾದಿಸಿ ಬಿಡಿಸುವಂತೆ ಮಾಡುವುದು ಹಳೆಯ ಉಜಳಣಿಗೆ ಹೊಸ ಜೀವವನ್ನು ತುಂಬಿದಂತಾದೀತು. ಅದಕ್ಕೆ ಬೇಕಾದುದು ಒಂದು ಕರಿಹಲಗೆ, ಒಂದು ತುಂಡು ಬಳಪ, ತಾಳ್ಮೆಯುಳ್ಳ ಒಬ್ಬ ಗುರು. ದ್ರವ್ಯದ ಖರ್ಚು ಅತ್ಯಲ್ಪ.

ಲಿಂಗರಾಜರು ತಮ್ಮ ಆಸ್ತಿಯನ್ನು ಬಿಟ್ಟುಹೋದಾಗ ಅದನ್ನು ಎಣಿಸಿಯೇ ಬಿಟ್ಟರು; ಅದರಿಂದ ಬೆಳೆದ ವಿದ್ಯೆಯನ್ನು ಮಾತ್ರ ಯಾರೂ ಎಣಿಸಿ ಮುಗಿಸಿಲ್ಲ. ಆ ಎಣಿಕೆಯು ಈ ಸೀಮೆಯ ಮಕ್ಕಳಿಂದ ಇನ್ನೂ ಬೆಳೆಯಲೆಂಬುದೇ ಈ ಲೇಖನದ ಆಶಯ.

ಮಂಗಳಮಸ್ತು.